ಮಾರಾಟ ವಿವರಣೆಗೆ ಹೊಂದದ ಶಾರ್ಟ್‌ವೇವ್ ರೇಡಿಯೊ: ಪೂರ್ಣ ಹಣ ಮರುಪಾವತಿ ಕೋರಿ ದೂರು

ಇವರಿಗೆ,
ಗ್ರಾಹಕ ಕುಂದುಕೊರತೆ ಪರಿಹಾರ ಅಧಿಕಾರಿಗಳು
(ಸಂಸ್ಥೆಯ ಹೆಸರು ಮತ್ತು ವಿಳಾಸ ಮೂಲ ಪ್ರತಿಯಲ್ಲಿದೆ)

ಇವರಿಂದ,
ಒಬ್ಬ ಗ್ರಾಹಕ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ವಿಷಯ: ಪೋರ್ಟಬಲ್ ಶಾರ್ಟ್‌ವೇವ್ ರೇಡಿಯೊದ ಬಗ್ಗೆ ತಪ್ಪು ವಿವರ ನೀಡಿ ಮಾರಾಟ ಮಾಡಿರುವುದು ಮತ್ತು ಅದನ್ನು ಹಿಂಪಡೆಯಲು ನಿರಾಕರಿಸಿರುವುದು.

ಮಾನ್ಯರೇ,

ಕಳೆದ ಜೂನ್ ತಿಂಗಳಲ್ಲಿ ತಮ್ಮ ಜಾಲತಾಣದ ಮೂಲಕ 7,490 ರೂಪಾಯಿ ಪಾವತಿಸಿ ನಾನು ತರಿಸಿಕೊಂಡ ಪೋರ್ಟಬಲ್ ಶಾರ್ಟ್‌ವೇವ್ ರೇಡಿಯೊ, ಮಾರಾಟ ಪುಟದಲ್ಲಿ ತಾವು ಬರೆದಿರುವ ವಿವರಣೆಗೂ, ಖರೀದಿಗೆ ಮುಂಚೆ ತಮ್ಮ ಪ್ರತಿನಿಧಿಗಳು ನನಗೆ ಲಿಖಿತವಾಗಿ ಕೊಟ್ಟ ಉತ್ತರಗಳಿಗೂ ಹೊಂದುವುದಿಲ್ಲ. ಇದನ್ನು ತಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ತಿಳಿಸಿದಾಗ ಬಂದ ಉತ್ತರಗಳು ನನ್ನ ದೂರನ್ನು ಮುಟ್ಟಲೇ ಇಲ್ಲವಾದ್ದರಿಂದ, ತಮಗೆ ಈ ಪತ್ರವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಸೆಟ್ಟು ಕೆಟ್ಟುಹೋಗಿದೆ ಎಂಬುದು ನನ್ನ ದೂರಲ್ಲ. ಅದು ತಯಾರಾದ ರೀತಿಗೆ ತಕ್ಕಂತೆ ಸರಿಯಾಗಿಯೇ ನಡೆಯುತ್ತಿರಬಹುದು. ಆದರೆ ತಾವು ಮಾರಿದ್ದೇವೆಂದು ಹೇಳಿದ ಸೆಟ್ಟು ಇದಲ್ಲ.

ಮೊದಲು, ನಾನು ಈ ಮಾದರಿಯನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಹೇಳಬೇಕು. ನಮ್ಮ ಊರು ಘಟ್ಟದ ಮೇಲಿನ ಕಾಡಿನ ನಡುವೆ ಇದೆ. ಗುಡ್ಡಗಳ ಮರೆಯಿಂದಾಗಿ ಎಫ್‌ಎಂ ಪ್ರಸಾರ ಇಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ನಿಂತುಹೋಗುತ್ತದೆ. ಆಗ ಹೊರಗಿನ ಸುದ್ದಿ ತರುವುದು ಸೆಲ್ ಹಾಕಿ ನಡೆಸುವ ರೇಡಿಯೊ ಒಂದೇ. ಹೀಗಾಗಿ ನಮ್ಮ ಮನೆಯಲ್ಲಿ ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಧಾರವಾಡ, ಶಾರ್ಟ್‌ವೇವ್‌ನಲ್ಲಿ ಹೊರದೇಶದ ಕೇಂದ್ರಗಳು, ಹೀಗೆ ಎರಡನ್ನೂ ಕೇಳುವ ರೂಢಿ ಬಹಳ ಹಿಂದಿನಿಂದ ಇದೆ. ಹಳೆಯ ಅನಲಾಗ್ ಸೆಟ್ಟಿನ ಬ್ಯಾಂಡ್ ಸ್ವಿಚ್ಚು ಸವೆದು, ಒತ್ತಿ ಹಿಡಿದರೆ ಮಾತ್ರ ಕೇಳುವ ಸ್ಥಿತಿಗೆ ಬಂದಿದ್ದರಿಂದ ಹೊಸದೊಂದನ್ನು ಕೊಳ್ಳಬೇಕಾಯಿತು. ಬ್ಲೂಟೂತ್, ಮೆಮರಿ ಕಾರ್ಡು, ಟಾರ್ಚುಗಳಂತಹ ಸೌಲಭ್ಯ ನನಗೆ ಬೇಕಿರಲಿಲ್ಲ. ಹವ್ಯಾಸಿ ರೇಡಿಯೊದವರ ಮಾತುಕತೆ ಕೇಳಲು ಬೇಕಾಗುವ ಎಸ್‌ಎಸ್‌ಬಿ ಈ ಮಾದರಿಯಲ್ಲಿ ಇಲ್ಲವೆಂದು ತಮ್ಮ ಪುಟದಲ್ಲೇ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಒಪ್ಪಿಕೊಂಡೇ ಕೊಂಡಿರುವುದರಿಂದ ಆ ಬಗ್ಗೆ ನನ್ನ ತಕರಾರಿಲ್ಲ. ನನಗೆ ಮುಖ್ಯವಾಗಿದ್ದ ಮೂರು ಸಂಗತಿಗಳನ್ನು ಮಾತ್ರ ತಮ್ಮ ಜಾಲತಾಣದ ಸಂದೇಶ ಪೆಟ್ಟಿಗೆಯಲ್ಲಿ ಬರೆದು ಕೇಳಿದ್ದೆ: ಮೀಡಿಯಂ ವೇವ್‌ನಲ್ಲಿ 9 ಕಿಲೋಹರ್ಟ್ಸ್ ಅಂತರದಲ್ಲಿ ಟ್ಯೂನ್ ಆಗುತ್ತದೆಯೇ, ಸೆಟ್ಟು ನಿಜವಾಗಿ ಡಬಲ್ ಕನ್ವರ್ಷನ್ (ಬಂದ ಕಂಪನಾಂಕವನ್ನು ಎರಡು ಹಂತದಲ್ಲಿ ಇಳಿಸುವ) ಮಾದರಿಯದೇ, ಶಾರ್ಟ್‌ವೇವ್ 2.3ರಿಂದ 26.1 ಮೆಗಾಹರ್ಟ್ಸ್‌ವರೆಗೆ ಎಲ್ಲೂ ಕಡಿಯದೆ ಸಿಗುತ್ತದೆಯೇ? ಮೂರಕ್ಕೂ ಸೇರಿಸಿ "ಹೌದು ಸರ್, ಎಲ್ಲವೂ ಇದೆ" ಎಂಬ ಒಂದೇ ಉತ್ತರ ಬಂತು. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ.

ವಾಸ್ತವ ಹೀಗಿದೆ.

ಮೀಡಿಯಂ ವೇವ್‌ನಲ್ಲಿ ಈ ಸೆಟ್ಟು 520, 530, 540 ಹೀಗೆ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಮಾತ್ರ ಮುಂದೆ ಸಾಗುತ್ತದೆ, ಮತ್ತು 1710ಕ್ಕೆ ಹೋಗಿ ನಿಲ್ಲುತ್ತದೆ. ಇದು ಅಮೆರಿಕ ಖಂಡದ ದೇಶಗಳಿಗೆಂದು ಮಾಡಿದ ಏರ್ಪಾಡು. ಭಾರತವೂ ಸೇರಿದಂತೆ ಏಷ್ಯಾ, ಯುರೋಪ್ ಮತ್ತು ಆಫ್ರಿಕಾದ ದೇಶಗಳಲ್ಲಿ ಪ್ರಸಾರ ಕಂಪನಾಂಕಗಳನ್ನು ದೇಶಗಳಿಗೆ ಹಂಚಿದ 1975ರ ಜಿನೀವಾ ಯೋಜನೆಯ ಪ್ರಕಾರ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಅದು 1978ರ ನವೆಂಬರ್‌ನಿಂದ ಜಾರಿಯಲ್ಲಿದೆ. ಧಾರವಾಡದ 765, ಭದ್ರಾವತಿಯ 675, ಬೆಂಗಳೂರಿನ 612, ಮೂರೂ 9ರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳು. ತಮ್ಮ ಸೆಟ್ಟಿನಲ್ಲಿ 760 ಇದೆ, 770 ಇದೆ. 765 ಇಲ್ಲವೇ ಇಲ್ಲ. ಎತ್ತ ತಿರುಗಿಸಿದರೂ ಕೇಂದ್ರದಿಂದ 5 ಕಿಲೋಹರ್ಟ್ಸ್ ದೂರದಲ್ಲೇ ನಿಲ್ಲಬೇಕು. ಇದರ ಪರಿಣಾಮವೇನೆಂದರೆ, 760ರಲ್ಲಿ ಇಟ್ಟಾಗ ಪ್ರದೇಶ ಸಮಾಚಾರ ಓದುವವರ ದನಿ ತಗಡಿನ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತದೆ; ಸಕಾರ, ಶಕಾರಗಳು ಬಂದಾಗಲೆಲ್ಲ ಕರ್ಕಶವಾಗಿ ಸೀಳುತ್ತದೆ; ದನಿ ತಗ್ಗಿದಾಗ ಮಾತಿಗಿಂತ ಗರಗರ ಸದ್ದೇ ಹೆಚ್ಚಾಗುತ್ತದೆ. ಸೆಟ್ಟಿನೊಳಗಿನ ಫೆರೈಟ್ ಏರಿಯಲ್ ಕೇಂದ್ರದ ದಿಕ್ಕಿಗೆ ಅಡ್ಡವಾಗಿ ಬರುವಂತೆ ತಿರುಗಿಸಿ ಇಟ್ಟರೆ ದನಿ ಜೋರಾಗುತ್ತದೆಯೇ ಹೊರತು ಸೀಳುವುದು ನಿಲ್ಲುವುದಿಲ್ಲ. ಭದ್ರಾವತಿಯ ಪಾಡೂ ಇದೇ. ಬೆಂಗಳೂರು ಮಾತ್ರ 610ರಲ್ಲಿ 2 ಕಿಲೋಹರ್ಟ್ಸ್ ತಪ್ಪಿದರೂ ರಾತ್ರಿ ಹೊತ್ತು ಹೇಗೋ ಕೇಳಿಸಿಕೊಳ್ಳುವಷ್ಟಿದೆ.

ಅನೇಕ ಸೆಟ್ಟುಗಳಲ್ಲಿ 9 ಮತ್ತು 10ರ ನಡುವೆ ಬದಲಾಯಿಸಲು ಒಂದು ಚಿಕ್ಕ ಸ್ವಿಚ್ಚು ಇರುತ್ತದೆ, ಇಲ್ಲವೇ ಸೆಟ್ಟು ಆರಿಸಿ ಯಾವುದಾದರೊಂದು ಗುಂಡಿಯನ್ನು ಒತ್ತಿ ಹಿಡಿಯಬೇಕಾಗುತ್ತದೆ. ಈ ಸೆಟ್ಟಿನ ಕೈಪಿಡಿಯಲ್ಲಿ ಅಂತಹ ಯಾವ ಸೂಚನೆಯೂ ಇಲ್ಲ. ತಮ್ಮ ಸೇವಾ ಕೇಂದ್ರದ ತಂತ್ರಜ್ಞರು ಫೋನಿನಲ್ಲಿ ಹೇಳಿದ ಗುಂಡಿಗಳನ್ನೆಲ್ಲ ಒತ್ತಿದ್ದಾಯಿತು, ಗಡಿಯಾರದ ಸಮಯ ಅಳಿಸಿಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕೊನೆಗೆ ಅವರೇ "ಈ ಬ್ಯಾಚಿನಲ್ಲಿ ಆ ಆಯ್ಕೆ ಇಲ್ಲ" ಎಂದು ಒಪ್ಪಿಕೊಂಡರು. ಭಾರತದಲ್ಲಿ, ಭಾರತದವರಿಗೇ ಮಾರುವ ರೇಡಿಯೊದಲ್ಲಿ ಆಕಾಶವಾಣಿಯ ಕೇಂದ್ರಕ್ಕೆ ಸರಿಯಾಗಿ ನಿಲ್ಲುವ ಅವಕಾಶವೇ ಇಲ್ಲವೆಂದರೆ, ಮಾರಾಟ ಪುಟದಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಮಾತು ಅದೇ ಆಗಬೇಕಿತ್ತು.

ಎರಡನೆಯ ವಿಷಯ ಡಬಲ್ ಕನ್ವರ್ಷನ್. ತಮ್ಮ ಪುಟದಲ್ಲಿ ಈ ಪದವನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಲಾಗಿದೆ, ಸೆಟ್ಟಿನ ಬೆಲೆಯನ್ನು ಸಮರ್ಥಿಸುವುದೂ ಅದೇ. ಏರಿಯಲ್‌ಗೆ ಬಂದ ಕಂಪನಾಂಕವನ್ನು ಸೆಟ್ಟು ಒಂದೇ ಸಲಕ್ಕೆ 455 ಕಿಲೋಹರ್ಟ್ಸ್‌ಗೆ ಇಳಿಸಿದರೆ, ಪ್ರತಿಯೊಂದು ಬಲವಾದ ಕೇಂದ್ರವೂ ತನ್ನ ನಿಜವಾದ ಜಾಗದಲ್ಲಿ ಮಾತ್ರವಲ್ಲದೆ, ಅದಕ್ಕಿಂತ ಈ ಸಂಖ್ಯೆಯ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೆ ಇನ್ನೊಮ್ಮೆ ಕೇಳಿಸುತ್ತದೆ. ರೇಡಿಯೊ ಬಲ್ಲವರು ಇದನ್ನು ಇಮೇಜ್ ಎನ್ನುತ್ತಾರೆ. ಎರಡು ಹಂತದಲ್ಲಿ ಇಳಿಸುವ ಸೆಟ್ಟುಗಳಲ್ಲಿ ಮೊದಲ ಹಂತದ ಸಂಖ್ಯೆ ಬಹಳ ಮೇಲಿರುವುದರಿಂದ ಇಮೇಜ್ ದೂರ ಸರಿದು, ಒಳಗಿನ ಫಿಲ್ಟರಿನಲ್ಲೇ ಸೋಸಿಹೋಗುತ್ತದೆ. ಆದ್ದರಿಂದ ಸೆಟ್ಟು ಯಾವ ಬಗೆಯದೆಂದು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ, ಕೇಳಿದರೆ ಸಾಕು.

ಚೀನಾದ ಬಿಪಿಎಂ ಸಮಯ ಸೂಚಕ ಕೇಂದ್ರ 10,000 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎಂದು ಸಮಯ ಬಿತ್ತರಿಸುತ್ತದೆ. ಸಂಜೆಯ ಹೊತ್ತು ಅದು ನಮ್ಮಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕಂಪನಾಂಕದಲ್ಲಿ ಕೂದಲೆಳೆಯಷ್ಟೂ ತಪ್ಪದ ಕೇಂದ್ರವಾದ್ದರಿಂದ ರೇಡಿಯೊ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಬೇಕಿಲ್ಲ. ತಮ್ಮ ಸೆಟ್ಟಿನಲ್ಲಿ 10,000ಕ್ಕೆ ಇಟ್ಟರೆ ಟಿಕ್ ಸದ್ದು ಬರುತ್ತದೆ. 9,090ಕ್ಕೆ ಇಟ್ಟರೂ ಅದೇ ಸದ್ದು, ಬಲ ಮಾತ್ರ ತುಸು ಕಡಿಮೆ. ಎರಡರ ನಡುವಿನ ವ್ಯತ್ಯಾಸ ಸರಿಯಾಗಿ 910. ಅದೇ ಕಿಟಕಿಯಲ್ಲಿ, ಅದೇ ಹೊತ್ತಿನಲ್ಲಿ, ಪಕ್ಕದ ಊರಿನ ಸ್ನೇಹಿತರೊಬ್ಬರ ನಿಜವಾದ ಡಬಲ್ ಕನ್ವರ್ಷನ್ ಸೆಟ್ಟನ್ನು 9,090ಕ್ಕೆ ಇಟ್ಟಾಗ ಬರಿಯ ಭೋರ್ಗರೆತವಲ್ಲದೆ ಏನೂ ಕೇಳಲಿಲ್ಲ. ಎರಡೂ ಸೆಟ್ಟುಗಳ ಡಿಸ್‌ಪ್ಲೇ ಕಾಣುವಂತೆ ತೆಗೆದ ವಿಡಿಯೊವನ್ನು ಈ ಪತ್ರದೊಂದಿಗೆ ಕಳುಹಿಸುತ್ತಿದ್ದೇನೆ. ಇದೊಂದು ಕೇಂದ್ರದ ಮಾತಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. 19 ಮೀಟರ್ ಬ್ಯಾಂಡಿನ (ಶಾರ್ಟ್‌ವೇವ್‌ನ ಭಾಗಗಳನ್ನು ಹೀಗೆ ತರಂಗದ ಉದ್ದದಿಂದ ಕರೆಯುತ್ತಾರೆ) 15,100ರಿಂದ ಮೇಲಿನ ಕೇಂದ್ರಗಳ ಇಮೇಜ್ 14,190ರಿಂದ ಶುರುವಾಗಿ ಹವ್ಯಾಸಿಗಳ ಬ್ಯಾಂಡಿನ ಮೇಲೆ ಬೀಳುತ್ತದೆ. 25 ಮೀಟರ್ ಬ್ಯಾಂಡಿನದು 11 ಮೆಗಾಹರ್ಟ್ಸ್ ಸುತ್ತಮುತ್ತ ಹರಡಿಕೊಳ್ಳುತ್ತದೆ. ಡಿಸ್‌ಪ್ಲೇಯಲ್ಲಿ ಸಂಖ್ಯೆ ಎಷ್ಟು ನಿಖರವಾಗಿ ಮೂಡಿದರೂ, ಕೇಳುತ್ತಿರುವ ಕೇಂದ್ರ ನಿಜವಾಗಿ ಅಲ್ಲಿದೆಯೋ ಇಲ್ಲವೋ ಎಂದು ನಂಬುವಂತಿಲ್ಲದ ಶಾರ್ಟ್‌ವೇವ್ ಸೆಟ್ಟಿಗೆ ಇಷ್ಟು ಹಣ ಕೊಡುವ ಅಗತ್ಯ ಯಾರಿಗೂ ಇರಲಾರದು.

ಮೂರನೆಯದಾಗಿ, ಶಾರ್ಟ್‌ವೇವ್ 2.3ರಿಂದಲ್ಲ, 5.8 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ. 60 ಮತ್ತು 90 ಮೀಟರ್ ಬ್ಯಾಂಡುಗಳಲ್ಲಿ ಇಂದು ಕೇಳಲು ಹೆಚ್ಚೇನೂ ಉಳಿದಿಲ್ಲವಾದ್ದರಿಂದ ಇದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಇಲ್ಲದ್ದನ್ನು ಇದೆಯೆಂದು ಬರೆದು ಮಾರಿರುವುದಂತೂ ನಿಜ. ಸೆಟ್ಟಿನೊಂದಿಗೆ ಬಂದ ಅಡಾಪ್ಟರಿನ ವಿಷಯವೂ ಅಷ್ಟೇ. "ಚಾರ್ಜ್ ಆಗುತ್ತಿರುವಾಗಲೇ ಕೇಳಬಹುದು" ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಅಡಾಪ್ಟರನ್ನು ಪ್ಲಗ್ಗಿಗೆ ಸಿಕ್ಕಿಸಿದ ಕ್ಷಣವೇ 49 ಮೀಟರ್ ಬ್ಯಾಂಡಿನ ತುಂಬ ಜುಂಯ್ ಎಂಬ ಸದ್ದು ತುಂಬಿಕೊಂಡು ಕೇಂದ್ರಗಳೆಲ್ಲ ಮುಳುಗಿಹೋಗುತ್ತವೆ, ಕಿತ್ತರೆ ಮತ್ತೆ ಬರುತ್ತವೆ. ರೇಡಿಯೊ ಮಾರುವವರು ರೇಡಿಯೊಗೇ ಅಡ್ಡಿಮಾಡುವ ಅಡಾಪ್ಟರನ್ನು ಜೊತೆಗಿಟ್ಟು ಕೊಡುವುದು ನನಗಂತೂ ಹೊಸ ಅನುಭವ.

ಇನ್ನು ತಮ್ಮ ವಿಭಾಗದಿಂದ ಬಂದ ಉತ್ತರಗಳ ಬಗ್ಗೆ. ಮೊದಲನೆಯದರಲ್ಲಿ, "ತಾವು ಮಲೆನಾಡಿನಲ್ಲಿರುವುದರಿಂದ ಸಿಗ್ನಲ್ ಸಮಸ್ಯೆ ಇರಬಹುದು" ಎಂದಿದ್ದಾರೆ. ಎಫ್‌ಎಂ ಬಗ್ಗೆ ಈ ಮಾತು ನಿಜ. ಆದರೆ ದೂರದ ಶಾರ್ಟ್‌ವೇವ್ ಅಯಾನುಗೋಳದಿಂದ ಪ್ರತಿಫಲಿಸಿ ಮೇಲಿನಿಂದ ಬರುತ್ತದೆ, ಧಾರವಾಡ ಹಗಲಿನಲ್ಲೂ ಹಳೆಯ ಸೆಟ್ಟಿನಲ್ಲಿ ಗಂಟೆ ಬಾರಿಸಿದಂತೆ ಕೇಳುತ್ತದೆ. ಸಿಗ್ನಲ್ ಇದೆ, ಅದಕ್ಕೆ ಸರಿಯಾಗಿ ನಿಲ್ಲುವ ಸಂಖ್ಯೆ ತಮ್ಮ ಸೆಟ್ಟಿನಲ್ಲಿಲ್ಲ. ಎರಡನೆಯ ಉತ್ತರದಲ್ಲಿ, ಪ್ರಪಂಚದಾದ್ಯಂತ ಶಾರ್ಟ್‌ವೇವ್ ಪ್ರಸಾರಗಳು ನಿಲ್ಲುತ್ತಿರುವುದರಿಂದ ಇದು ಉತ್ಪನ್ನದ ದೋಷವಲ್ಲ ಎಂದು ಬರೆದಿದ್ದಾರೆ. ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ರಂದು ನಿಂತದ್ದೂ, ರೇಡಿಯೊ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ಶಾರ್ಟ್‌ವೇವ್ ಬಿಟ್ಟದ್ದೂ ಕೇಳುಗನಾದ ನನಗೆ ತಮಗಿಂತ ಚೆನ್ನಾಗಿ ಗೊತ್ತಿದೆ. ಆದರೆ ನಾನು ದೂರಿರುವುದು ನಿಂತುಹೋದ ಕೇಂದ್ರ ಕೇಳುತ್ತಿಲ್ಲವೆಂದಲ್ಲ; ಒಂದೇ ಕೇಂದ್ರ ಎರಡು ಜಾಗದಲ್ಲಿ ಕೇಳುತ್ತಿದೆಯೆಂದು. ಪ್ರಸಾರಗಳು ಕಡಿಮೆಯಾದಷ್ಟೂ ಇರುವ ಕೇಂದ್ರವನ್ನು ಸರಿಯಾಗಿ ಹಿಡಿಯುವ ಸೆಟ್ಟು ಬೇಕಾಗುತ್ತದೆ ಎಂಬುದಾದರೂ ತಮ್ಮವರಿಗೆ ಹೊಳೆಯಬೇಕಿತ್ತು.

ಮೂರನೆಯ ಉತ್ತರ ಬಂದದ್ದು ಸೇವಾ ಕೇಂದ್ರ 9 ಕಿಲೋಹರ್ಟ್ಸ್ ಆಯ್ಕೆ ಇಲ್ಲವೆಂದು ಒಪ್ಪಿಕೊಂಡ ಮೇಲೆ. ಅದರ ಪ್ರಕಾರ ಪೆಟ್ಟಿಗೆ ಒಡೆದಿರುವುದರಿಂದಲೂ, ಹಿಂದಿರುಗಿಸುವ 7 ದಿನಗಳ ಅವಧಿ ಮೀರಿರುವುದರಿಂದಲೂ ಹಣ ಹಿಂದಿರುಗಿಸಲು ಬರುವುದಿಲ್ಲ. ಪೆಟ್ಟಿಗೆ ಒಡೆಯದೆ ರೇಡಿಯೊ ಕೇಳುವುದು ಹೇಗೆಂದು ಅದರಲ್ಲಿ ತಿಳಿಸಿಲ್ಲ. ಅವಧಿಯ ವಿಷಯಕ್ಕೆ ಬಂದರೆ, ನನ್ನ ಮೊದಲ ದೂರು ಆ ಅವಧಿಯೊಳಗೇ ದಾಖಲಾಗಿ ಅದಕ್ಕೆ ತಮ್ಮದೇ ದೂರು ಸಂಖ್ಯೆಯೂ ಸಿಕ್ಕಿದೆ. ಆಮೇಲೆ ಕಳೆದ ದಿನಗಳೆಲ್ಲ ತಮ್ಮ ಸೇವಾ ಕೇಂದ್ರದ ಸೂಚನೆಗಳನ್ನು ಪಾಲಿಸುವುದರಲ್ಲಿ ಕಳೆದವು. ಅಲ್ಲದೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಇಲ್ಲದ ಸರಕನ್ನು ಹಿಂಪಡೆಯಲು ಅಥವಾ ಅದರ ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020 ಹೇಳುತ್ತವೆ. ಅದೇ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಗಳು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸಗಳಿಲ್ಲದಿರುವುದೂ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಿಗೆ ವಿರುದ್ಧವಾದದ್ದೆಂಬುದನ್ನು ಇಲ್ಲಿಯೇ ಗಮನಕ್ಕೆ ತರುತ್ತೇನೆ.

ಆದ್ದರಿಂದ, ನಾನು ಪಾವತಿಸಿದ 7,490 ರೂಪಾಯಿಗಳನ್ನು ಯಾವ ಕಡಿತವೂ ಇಲ್ಲದೆ ನಾನು ಹಣ ಕಳುಹಿಸಿದ ಖಾತೆಗೇ ಹಿಂದಿರುಗಿಸಬೇಕೆಂದೂ, ಸೆಟ್ಟನ್ನು ತಮ್ಮ ಖರ್ಚಿನಲ್ಲೇ ನಮ್ಮ ಮನೆಯಿಂದ ತೆಗೆದುಕೊಂಡು ಹೋಗಬೇಕೆಂದೂ ಕೋರುತ್ತೇನೆ. ಅದರ ಬದಲಿಗೆ ತಮ್ಮವರು ಮುಂದಿಟ್ಟಿರುವ 1,000 ರೂಪಾಯಿಯ ರಿಯಾಯಿತಿ ಕೂಪನ್ ನನಗೆ ಬೇಡ. ಅದೇ ಮಾದರಿಯ ಇನ್ನೊಂದು ಸೆಟ್ಟೂ ಬೇಡ, ಏಕೆಂದರೆ ಅದರಲ್ಲೂ 765 ಇರುವುದಿಲ್ಲ. ಇದರೊಂದಿಗೆ ಮಾರಾಟ ಪುಟದಲ್ಲಿ ಮೀಡಿಯಂ ವೇವ್‌ನ ಅಂತರ 10 ಕಿಲೋಹರ್ಟ್ಸ್ ಎಂದೂ, ಶಾರ್ಟ್‌ವೇವ್ 5.8ರಿಂದ ಮಾತ್ರವೆಂದೂ ತಿದ್ದಿ, ಡಬಲ್ ಕನ್ವರ್ಷನ್ ಎಂಬುದನ್ನು ತೆಗೆದುಹಾಕಬೇಕು. ಈ ಪತ್ರ ಬರೆಯುವ ಹೊತ್ತಿಗೂ ಅದು ಅಲ್ಲಿ ದಪ್ಪ ಅಕ್ಷರಗಳಲ್ಲೇ ಇದೆ, ಮತ್ತು ಕೆಳಗೆ ಇನ್ನೊಬ್ಬ ಗ್ರಾಹಕರು ಧಾರವಾಡ ಬರುತ್ತದೆಯೇ ಎಂದು ಕೇಳಿರುವ ಪ್ರಶ್ನೆಗೆ ತಮ್ಮವರು ಮತ್ತೆ "ಹೌದು" ಎಂದೇ ಉತ್ತರಿಸಿದ್ದಾರೆ.

ನಿಯಮದಲ್ಲಿ ಹೇಳಿದ ಒಂದು ತಿಂಗಳೊಳಗೆ ತಮ್ಮಿಂದ ಪರಿಹಾರ ದೊರೆಯದಿದ್ದಲ್ಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಬಳಿಕ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾರವಾರದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ, 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಸೆಟ್ಟು, ಅಡಾಪ್ಟರು, ಕೈಪಿಡಿ, ಚರ್ಮದ ಚೀಲ ಮತ್ತು ಹೊರ ಏರಿಯಲ್ ತಂತಿ ಎಲ್ಲವನ್ನೂ ಮೂಲ ಪೆಟ್ಟಿಗೆಯಲ್ಲಿಟ್ಟು ಸಿದ್ಧಪಡಿಸಿದ್ದೇನೆ. ಮಳೆ ಜೋರಿರುವಾಗ ನಮ್ಮ ರಸ್ತೆಗೆ ವಾಹನ ಬರುವುದು ಕಷ್ಟವಾದ್ದರಿಂದ, ಕೊರಿಯರ್‌ನವರು ಬರುವ ಹಿಂದಿನ ದಿನ ತಿಳಿಸಿದರೆ ಪೆಟ್ಟಿಗೆಯನ್ನು ಮುಖ್ಯರಸ್ತೆಯ ಅಂಗಡಿಗೆ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಖರೀದಿ ಬಿಲ್ಲಿನ ಪ್ರತಿ, ಖರೀದಿಗೆ ಮುಂಚಿನ ಸಂದೇಶಗಳ ಪ್ರತಿ, ಮಾರಾಟ ಪುಟದ ಮುದ್ರಿತ ಪ್ರತಿ, 10,000 ಮತ್ತು 9,090 ಕಿಲೋಹರ್ಟ್ಸ್‌ಗಳ ವಿಡಿಯೊ, ಪೆಟ್ಟಿಗೆಯ ಎಲ್ಲ ಮಗ್ಗುಲುಗಳ ಫೋಟೊ.