ಕೊಲೆಗಾರ ಸಿಕ್ಕ, ಸುಳಿವು ಸಿಗಲಿಲ್ಲ

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಪತ್ತೇದಾರಿ ಕಾದಂಬರಿಗಳ ಬಗ್ಗೆ ಬಂದ ಲೇಖನವನ್ನು ಎರಡು ಬಾರಿ ಓದಿದೆ. ಜನಪ್ರಿಯ ಕಾದಂಬರಿಕಾರರು ಕೊಲೆ ಮತ್ತು ತನಿಖೆಯ ಕಥೆಗೆ ಕೈಹಾಕಿದಾಗ ಓದುಗರು ನಿರಾಶರಾಗುವುದು ತಮಗೆ ಹೊಸದು ಒಗ್ಗದ ಕಾರಣಕ್ಕೆ, ಹಳೆಯ ರುಚಿಯನ್ನೇ ಮತ್ತೆ ಮತ್ತೆ ಬಡಿಸಬೇಕೆಂದು ಅವರು ಹಟ ಹಿಡಿಯುತ್ತಾರೆ ಎಂದು ಅದರಲ್ಲಿ ಬರೆದಿದೆ. ತಿಪಟೂರಿನಲ್ಲಿ ಇಪ್ಪತ್ತಾರು ವರ್ಷ ಬಾಡಿಗೆ ಪುಸ್ತಕಗಳ ಅಂಗಡಿ ನಡೆಸಿದವಳು ನಾನು. ಓದುಗರ ಮೇಲೆ ಹೊರಿಸಿದ ಈ ಅಪವಾದವನ್ನು ಸುಮ್ಮನೆ ಬಿಡಲು ನನಗೆ ಮನಸ್ಸಾಗುತ್ತಿಲ್ಲ.

ನನ್ನ ಅಂಗಡಿಗೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಏನನ್ನೂ ಒಯ್ಯುತ್ತಿರಲಿಲ್ಲ. ಅರ್ಧ ಪುಸ್ತಕ ಮುಗಿಯುತ್ತಿದ್ದಂತೆ ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಒಂದು ಹೆಸರು, ಅದರ ಪಕ್ಕ ಪುಟದ ಸಂಖ್ಯೆ ಬರೆಯುತ್ತಿದ್ದರು. ಅವರ ಊಹೆಯ ಕೊಲೆಗಾರ ಅವನು. ಊಹೆ ತಪ್ಪಾದರೆ ಪುಸ್ತಕವನ್ನು ಕೊನೆಯಿಂದ ಹಿಂದಕ್ಕೆ ತಿರುವಿ, ತಾವು ಎಡವಿದ ಜಾಗವನ್ನು ಹುಡುಕುತ್ತಿದ್ದರು. ಅದು ಸಿಕ್ಕಿದರೆ ಮರುದಿನ ಮುಖ ಅರಳಿಸಿಕೊಂಡು ಬಂದು, "ನಲವತ್ತೆರಡನೇ ಪುಟದಲ್ಲೇ ಹೇಳಿಬಿಟ್ಟಿದ್ದಾರೆ ತಾಯಿ, ನಾನೇ ನೋಡಲಿಲ್ಲ" ಎನ್ನುತ್ತಿದ್ದರು. ಸಿಗದಿದ್ದರೆ ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, "ಇದರ ಬಾಡಿಗೆ ಕೊಡುವುದಿಲ್ಲ" ಎನ್ನುತ್ತಿದ್ದರು. ನಾನು ಒಂದು ದಿನವೂ ಅವರ ಬಳಿ ವಾದ ಮಾಡಲಿಲ್ಲ. ಸೋತದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ, ಆಟಕ್ಕೆ ಸೇರಿಸಿಕೊಳ್ಳದೆ ಹೋದದ್ದಕ್ಕೆ ಸಿಟ್ಟಿತ್ತು.

ಪತ್ತೆದಾರನಿಗೆ ಸಿಕ್ಕ ಸುಳಿವನ್ನು ಓದುಗನಿಗೂ ಕೂಡಲೇ ತೋರಿಸಬೇಕು ಎಂಬ ನಿಯಮವನ್ನು ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಬರೆದಿಟ್ಟರು. ನಮ್ಮ ಮಂಡಿಯ ಲೆಕ್ಕಿಗರು ಆ ಹೆಸರನ್ನೇ ಕೇಳಿದವರಲ್ಲ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದು, ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ ಕೊಟ್ಟ ಎನ್. ನರಸಿಂಹಯ್ಯನವರನ್ನು ಓದಿಯೇ ಅವರು ಅದನ್ನು ಕಲಿತಿದ್ದರು. ಇಂಥವರನ್ನು ಹಟಮಾರಿ ಓದುಗರು ಎನ್ನುವುದು ಅನ್ಯಾಯ. ಇಷ್ಟು ಎಚ್ಚರದಿಂದ ಓದುವವರು ಯಾವ ಪ್ರಕಾರದ ಸಾಹಿತ್ಯಕ್ಕೂ ಸುಲಭವಾಗಿ ಸಿಗುವುದಿಲ್ಲ.

ಈಗ ನೇರ ಉದಾಹರಣೆಗೆ ಬರುತ್ತೇನೆ. ಚೇತನ್ ಭಗತ್ ಅವರು 2018ರಲ್ಲಿ 'ದಿ ಗರ್ಲ್ ಇನ್ ರೂಮ್ 105' ಎಂಬ ಕಾದಂಬರಿ ತಂದರು. ಅದುವರೆಗೆ ಕಾಲೇಜು, ಪ್ರೀತಿ, ಮದುವೆಗಳ ಕಥೆಯಿಂದ ಹೆಸರಾಗಿದ್ದ ಅವರು ಇದು ಪ್ರೇಮಕಥೆಯಲ್ಲ ಎಂದು ಮುಖಪುಟದಲ್ಲೇ ಸಾರಿದ್ದರು. ಎಂಜಿನಿಯರಿಂಗ್ ಓದುತ್ತಿದ್ದ ನನ್ನ ತಂಗಿಯ ಮಗಳು ಅದು ಬಂದ ವಾರವೇ ಕೊಂಡಳು. ಅವಳಂಥ ಎಷ್ಟೋ ಮಕ್ಕಳನ್ನು ಪುಸ್ತಕ ಹಿಡಿಯುವಂತೆ ಮಾಡಿದವರು ಅವರು. ಆ ಋಣವನ್ನು ನಾನು ಮರೆತು ಬರೆಯುತ್ತಿಲ್ಲ.

ಪುಸ್ತಕದ ಮೊದಲ ಭಾಗ ನನಗೂ ಹಿಡಿಸಿತು. ಕೋಚಿಂಗ್ ಕೇಂದ್ರದಲ್ಲಿ ಪಾಠ ಹೇಳುವ ಕೇಶವ್, ದೂರವಾದ ಗೆಳತಿ ಜಾರಾಳ ಸಂದೇಶ ನೋಡಿ, ಅವಳ ಹುಟ್ಟುಹಬ್ಬದ ರಾತ್ರಿ ದೆಹಲಿ ಐಐಟಿಯ ಹಾಸ್ಟೆಲ್ಲಿಗೆ ಮರ ಹತ್ತಿ ಹೋಗುತ್ತಾನೆ. ಕೋಣೆಯಲ್ಲಿ ಅವಳು ಸತ್ತುಬಿದ್ದಿದ್ದಾಳೆ. ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಮುಂದೆ ನಡೆಯುವುದೇ ಬೇರೆ. ಒಬ್ಬನ ಮೇಲೆ ಅನುಮಾನ, ಅವನ ಬೆನ್ನುಹತ್ತುವುದು, ಅವನಲ್ಲ ಎಂದು ತಿಳಿಯುವುದು, ಮತ್ತೊಬ್ಬನತ್ತ ಹೊರಡುವುದು. ಕಾವಲುಗಾರ, ಪ್ರಾಧ್ಯಾಪಕ, ಕಾಶ್ಮೀರದಲ್ಲಿರುವ ತಮ್ಮ, ಸೇನೆಯ ಅಧಿಕಾರಿ, ಹೀಗೆ ಅನುಮಾನಗಳು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಂತೆ ಒಂದರ ಹಿಂದೆ ಒಂದು ಬರುತ್ತವೆ. ಒಬ್ಬ ಮುಂದೆ ಸರಿಯುವವರೆಗೆ ಇನ್ನೊಬ್ಬನ ಬಗ್ಗೆ ಯೋಚಿಸುವ ಕೆಲಸ ಓದುಗನಿಗಿಲ್ಲ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ನಾಲ್ವರೂ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಒಬ್ಬನು ಆಡಿದ ಮಾತಿನಿಂದ ಮತ್ತೊಬ್ಬನ ಮುಖದ ಮೇಲೆ ನೆರಳು ಬೀಳುತ್ತದೆ. ಮೊದಲ ಅಧ್ಯಾಯದಲ್ಲಿ ಲಕ್ಷ್ಯವಿಲ್ಲದೆ ದಾಟಿಹೋದ ಸಾಮಾನ್ಯ ಸಂಗತಿ ಕೊನೆಯಲ್ಲಿ ಎದ್ದು ನಿಲ್ಲುತ್ತದೆ. ಈ ಕಾದಂಬರಿಯಲ್ಲಿ ನಾಯಕನ ವಿರಹವನ್ನು ಮರುಕದಿಂದ ಬರೆದಿದ್ದಾರೆ, ಗೆಳೆಯರಿಬ್ಬರ ಸಲಿಗೆಯನ್ನೂ ಚೆನ್ನಾಗಿ ಬರೆದಿದ್ದಾರೆ. ತನಿಖೆಗೆ ಮಾತ್ರ ಆ ಶ್ರಮ ಸಂದಿಲ್ಲ ಎಂದು ನನಗನ್ನಿಸಿತು. ಕೊಲೆಗಾರನ ಹೆಸರು ಗೊತ್ತಾದ ಮೇಲೆ ನಮ್ಮ ಹುಡುಗಿ, "ದೊಡ್ಡಮ್ಮ, ಇವನೇ ಅಂತ ಆಯಿತು, ಬೇರೆ ಯಾರಾಗಿದ್ದರೂ ಆಗುತ್ತಿತ್ತಲ್ಲ" ಎಂದಳು. ಅವಳ ನಿರಾಸೆ ಪೂರ್ತಿಯಾಗಿ ಆ ಒಂದು ಮಾತಿನಲ್ಲಿದೆ. ಪ್ರೇಮಕಥೆ ಸಿಗಲಿಲ್ಲವೆಂದು ಅವಳು ಒಂದು ಅಕ್ಷರವನ್ನೂ ಆಡಲಿಲ್ಲ.

ಹೊಸದನ್ನು ಓದುಗರು ಒಪ್ಪುವುದಿಲ್ಲ ಎಂಬ ವಾದಕ್ಕೆ ಇತಿಹಾಸದಲ್ಲೂ ಆಧಾರ ಕಡಿಮೆ. ಇಂಗ್ಲೆಂಡಿನ 'ಪಂಚ್' ಪತ್ರಿಕೆಯ ಹಾಸ್ಯ ಲೇಖಕರಾಗಿದ್ದ ಎ.ಎ. ಮಿಲ್ನ್ 1922ರಲ್ಲಿ 'ದಿ ರೆಡ್ ಹೌಸ್ ಮಿಸ್ಟರಿ' ಬರೆಯಲು ಹೊರಟಾಗ, ನಿಮ್ಮಿಂದ ಜನ ಹಾಸ್ಯವನ್ನೇ ಬಯಸುತ್ತಾರೆ ಎಂದು ತಡೆಯಲು ನೋಡಿದವರು ಅವರ ಏಜೆಂಟ್ ಮತ್ತು ಪ್ರಕಾಶಕರು. ಓದುಗರು ಆ ಪುಸ್ತಕವನ್ನು ಮೆಚ್ಚಿ ಓದಿದರು. ಎರಡು ವರ್ಷದ ನಂತರ ಮಿಲ್ನ್ ಶಿಶುಗೀತೆಗಳತ್ತ ತಿರುಗಿದಾಗ ಅದೇ ವ್ಯಾಪಾರಸ್ಥರು ಇನ್ನೊಂದು ಪತ್ತೇದಾರಿ ಕಥೆ ಬೇಕೆಂದು ಕುಳಿತರು. ಬದಲಾವಣೆಗೆ ಹೆದರಿದವರು ಯಾರು ಎಂಬುದನ್ನು ನಿಮ್ಮ ಲೇಖಕರು ಗಮನಿಸಬೇಕು. ಆ ಪುಸ್ತಕಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1944ರಲ್ಲಿ. ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಒಂದು ಪ್ರಬಂಧದಲ್ಲಿ ಅದರ ಬರವಣಿಗೆ ಹಿತವಾಗಿದೆ ಎಂದು ಒಪ್ಪಿಕೊಂಡೇ, ಶವ ಯಾರದೆಂದು ಸರಿಯಾಗಿ ಗುರುತಿಸದೆ ವಿಚಾರಣೆ ಮುಗಿಸಿದ್ದು ಹೇಗೆ ಎಂದು ಕೇಳಿದರು. ಅದು ನಮ್ಮ ಮಂಡಿಯ ಲೆಕ್ಕಿಗರ ಪೆನ್ಸಿಲ್ ಗುರುತಿನಂಥದೇ ಪ್ರಶ್ನೆ.

'ಹ್ಯಾರಿ ಪಾಟರ್' ಬರೆದ ಜೆ.ಕೆ. ರೌಲಿಂಗ್ ಅವರ ಸಂಗತಿಯೂ ಇದೇ ಬಗೆಯದು. 2013ರ ಏಪ್ರಿಲ್‌ನಲ್ಲಿ ರಾಬರ್ಟ್ ಗಾಲ್‌ಬ್ರೇತ್ ಎಂಬ ಹೆಸರಿನಲ್ಲಿ ಅವರ ಮೊದಲ ಪತ್ತೇದಾರಿ ಕಾದಂಬರಿ ಬಂದಾಗ ಬ್ರಿಟನ್ನಿನಲ್ಲಿ ಗಟ್ಟಿರಟ್ಟಿನ ಪ್ರತಿಗಳು ಖರ್ಚಾದದ್ದು ಸುಮಾರು 1,500. ಓದಿದವರು ಮಾತ್ರ ಮೆಚ್ಚಿದ್ದರು, ಮಾಂತ್ರಿಕ ಶಾಲೆಯ ಲೇಖಕಿ ಎಂಬ ಹೊರೆಯಿಲ್ಲದೆ ಮೆಚ್ಚಿದ್ದರು. ಜುಲೈಯಲ್ಲಿ ಗುಟ್ಟು ಬಯಲಾದ ಮೇಲೆ ಪುಸ್ತಕ ಬಿಸಿ ದೋಸೆಯಂತೆ ಖಾಲಿಯಾಯಿತು. ಆ ಸರಣಿಯ ಓದುಗರೇ 2022ರ ಆರನೇ ಪುಸ್ತಕ ಬಂದಾಗ ಗೊಣಗಿದರು. ಸಾವಿರ ಪುಟ ಮೀರಿದ ಆ ಕಾದಂಬರಿಯಲ್ಲಿ ಚಾಟ್ ಸಂಭಾಷಣೆಗಳನ್ನು ಪಕ್ಕಪಕ್ಕದ ಅಂಕಣಗಳಲ್ಲಿ ಜೋಡಿಸಿ ಪುಟಗಟ್ಟಲೆ ಹಾಕಿದ್ದರು, ಸಣ್ಣ ತೆರೆಯ ಮೇಲೆ ಓದುವವರಿಗೆ ಕಣ್ಣು ನೋಯುವಷ್ಟು. ಅಷ್ಟು ಹೊತ್ತಿಗೆ ಆ ಪ್ರಕಾರ ಅವರಿಗೂ ಹೊಸದಲ್ಲ, ಓದುಗರಿಗೂ ಹೊಸದಲ್ಲ. ಹಾಗಿದ್ದ ಮೇಲೆ ಆ ಗೊಣಗಾಟಕ್ಕೆ ನಿಮ್ಮ ಲೇಖಕರು ಯಾವ ಕಾರಣ ಕೊಡುತ್ತಾರೆ?

ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನು ಎತ್ತಿ ಯಾರಾದರೂ ನನ್ನನ್ನು ತಡೆಯಬಹುದು. ಅಲ್ಲಿಯೂ ಅನುಮಾನಾಸ್ಪದ ಸಾವಿದೆ, ಇಳುವರಿ ಕುಸಿದ ಏಲಕ್ಕಿಯ ಕಾರಣ ಹುಡುಕಲು ಬಂದ ಗುಪ್ತಚರ ಅಧಿಕಾರಿ ಅಂಗಾಡಿ ಇದ್ದಾನೆ, ಆದರೆ ಎಲ್ಲ ಗಂಟುಗಳೂ ಬಿಚ್ಚುವ ಮೊದಲೇ ಕೆಸರೂರು ಎಂಬ ಆ ಊರಿಗೆ ಬೆಂಕಿ ಬೀಳುತ್ತದೆ. ಆ ಪುಸ್ತಕವನ್ನು ನಾನೇ ಅಂಜುತ್ತ ಲೆಕ್ಕಿಗರ ಕೈಗೆ ಕೊಟ್ಟಿದ್ದೆ. ಹತ್ತು ದಿನ ಇಟ್ಟುಕೊಂಡು ಬಾಡಿಗೆಯ ಜೊತೆಗೆ ಹಿಂತಿರುಗಿಸಿದರು. ರಟ್ಟಿನ ಒಳಗೆ ಯಾವ ಹೆಸರೂ ಇರಲಿಲ್ಲ. "ಇದರಲ್ಲಿ ಊರೇ ಅಪರಾಧಿ, ಒಬ್ಬನ ಹೆಸರು ಬರೆಯಲು ಆಗಲಿಲ್ಲ" ಎಂದರು. ತಾನು ಯಾವ ಆಟ ಆಡುತ್ತಿದ್ದೇನೆ ಎಂಬುದನ್ನು ಕೆಸರೂರಿನ ಕಥೆ ಮೊದಲಿನಿಂದಲೇ ಓದುಗನಿಗೆ ತಿಳಿಸುತ್ತ ಬರುತ್ತದೆ. ಹಾಗಾಗಿ ಅಲ್ಲಿ ಮೋಸವಿಲ್ಲ.

2020ರಲ್ಲಿ ಭಗತ್ ಅವರು ಅದೇ ಕೇಶವ್ ಮತ್ತು ಅವನ ಗೆಳೆಯ ಸೌರಭ್ ಜೋಡಿಯನ್ನಿಟ್ಟುಕೊಂಡು ಇನ್ನೊಂದು ಕೊಲೆಯ ಕಥೆ ಬರೆದರು. ನಮ್ಮ ಹುಡುಗಿ ಅದನ್ನೂ ಕೊಂಡಳು. ಹೊಸದು ಬೇಡವೆನ್ನುವವಳು ಎರಡನೆಯದಕ್ಕೆ ಏಕೆ ದುಡ್ಡು ಕೊಡುತ್ತಿದ್ದಳು? ಆ ಸಲ ಅವಳು ಪೆನ್ಸಿಲ್ ಹಿಡಿದು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಪುಸ್ತಕ ವಿಮರ್ಶಕರಲ್ಲಿ ನನ್ನದೊಂದು ವಿನಂತಿ. ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುವಾಗ ಕೊಲೆಗಾರನ ಹೆಸರನ್ನು ದಯವಿಟ್ಟು ಬಿಟ್ಟುಕೊಡಬೇಡಿ. ಆದರೆ ಅವನನ್ನು ಹಿಡಿಯಲು ಬೇಕಾದ ಸುಳಿವು ಪುಸ್ತಕದೊಳಗೆ ನ್ಯಾಯವಾಗಿ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ಹುಡುಕಿ ನೋಡಿ, ಒಂದು ಸಾಲಿನಲ್ಲಿ ತಿಳಿಸಿ. ಲೇಖಕರು ಎಷ್ಟು ಜನಪ್ರಿಯರು ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ.

– ಒಬ್ಬ ಓದುಗಿ, ತಿಪಟೂರು