ನೈಟ್‌ಗಳು ಮೊದಲು ಕಲಿತದ್ದು ಊಟ ಬಡಿಸುವುದನ್ನು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಮಕ್ಕಳ ಪುರವಣಿಯಲ್ಲಿ ಮಧ್ಯಯುಗದ ಯುರೋಪಿನ ನೈಟ್‌ಗಳ, ಅಂದರೆ ಕವಚ ತೊಟ್ಟು ಕುದುರೆಯೇರಿ ಕಾದುತ್ತಿದ್ದ ಯೋಧರ ಬಗ್ಗೆ ಬಂದ ಲೇಖನ ಓದಿದೆ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ನನ್ನ ಮಕ್ಕಳು ಈ ಪುಟಗಳನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸುತ್ತಾರೆ. ಅದಕ್ಕೇ ಈ ಪತ್ರ.

ಮೊದಲು ತಪ್ಪೊಂದನ್ನು ಹೇಳಿಬಿಡುತ್ತೇನೆ. ಕವಚ ತೊಟ್ಟ ನೈಟ್‌ನನ್ನು ರಾಟೆಯಿಂದ ಎತ್ತಿ ಕುದುರೆಯ ಮೇಲೆ ಕೂರಿಸುತ್ತಿದ್ದರು ಎಂದು ಬರೆದಿದ್ದೀರಿ. ಅದು ಕಟ್ಟುಕತೆ. 15ನೆಯ ಶತಮಾನದಲ್ಲಿ ಯುದ್ಧಕ್ಕೆ ತೊಡುತ್ತಿದ್ದ ಪೂರ್ತಿ ಉಕ್ಕಿನ ಕವಚದ ತೂಕ ಸುಮಾರು 20ರಿಂದ 25 ಕಿಲೋ. ಆ ಭಾರವೂ ಮೈತುಂಬ ಹಂಚಿಹೋಗುತ್ತಿತ್ತು. ಫ್ರಾನ್ಸಿನ ಸೇನಾನಿ ಬೂಸಿಕೊ (1366–1421) ಹರೆಯದಲ್ಲಿ ಮಾಡುತ್ತಿದ್ದ ಕಸರತ್ತುಗಳ ವರ್ಣನೆ, ಅವನು ಬದುಕಿದ್ದಾಗಲೇ ಬರೆದ ಅವನ ಚರಿತ್ರೆಯಲ್ಲಿದೆ. ಕವಚ ತೊಟ್ಟೇ ಲಾಗ ಹಾಕುತ್ತಿದ್ದ, ರಿಕಾಪಿಗೆ ಕಾಲಿಡದೆ ಕುದುರೆಯ ಬೆನ್ನಿಗೆ ನೆಗೆಯುತ್ತಿದ್ದ, ಗೋಡೆಗೆ ಒರಗಿಸಿದ ಏಣಿಯನ್ನು ಒಳಬದಿಯಿಂದ ಬರೀ ಕೈಬಲದಲ್ಲಿ ಹತ್ತುತ್ತಿದ್ದ. ಇಂಥವನಿಗೆ ರಾಟೆ ಏತಕ್ಕೆ?

ಇದಕ್ಕಿಂತ ನನಗೆ ಹೆಚ್ಚು ಕೊರತೆ ಅನ್ನಿಸಿದ್ದು ಬೇರೆ. ಲೇಖನದ ತುಂಬ ಕತ್ತಿ, ಭರ್ಜಿ, ಕುದುರೆ ಇವೆ, ನೈಟ್ ಆಗಲು ಹೊರಟ ಹುಡುಗನೇ ಇಲ್ಲ. ಆ ಕಲಿಕೆಗೆ ಸೇರುವಾಗ ಅವನಿಗೆ ಏಳೆಂಟು ವರ್ಷ. ಹೆತ್ತವರನ್ನು ಬಿಟ್ಟು ಬಂಧುವಿನದೋ ದೊಡ್ಡ ಒಡೆಯನದೋ ಕೋಟೆಗೆ ಹೋಗಿ ಪೇಜ್, ಅಂದರೆ ಊಳಿಗದ ಹುಡುಗ, ಆಗಬೇಕು. ಅಲ್ಲಿ ಅವನ ಕೈಗೆ ಕೊಡುತ್ತಿದ್ದುದು ನೀರಿನ ಹೂಜಿ ಮತ್ತು ಒರೆಸುವ ಬಟ್ಟೆ. ಊಟಕ್ಕೆ ಕೂತವರ ಕೈಗೆ ನೀರು ಹಾಕಬೇಕು, ಬಡಿಸಬೇಕು. ಮನೆಯೊಡತಿಯಿಂದ ನಡೆನುಡಿ, ಪಾದ್ರಿಯಿಂದ ಪ್ರಾರ್ಥನೆ, ಒಂದಿಷ್ಟು ಅಕ್ಷರ ಕಲಿಯಬೇಕು. ಹದಿನಾಲ್ಕರ ಸುಮಾರಿಗೆ ಸ್ಕ್ವೈರ್ ಆಗುತ್ತಿದ್ದ. ಆ ಪದಕ್ಕೆ ಮೂಲದಲ್ಲಿ ಗುರಾಣಿ ಹೊರುವವನು ಎಂದೇ ಅರ್ಥ. ಕುದುರೆ ತಿಕ್ಕುವುದು, ತುಕ್ಕು ಹಿಡಿದ ಸರಪಳಿ ಅಂಗಿಯನ್ನು ಮರಳು ಹಾಕಿ ಉಜ್ಜುವುದು, ಒಡೆಯನಿಗೆ ಕವಚ ತೊಡಿಸಿ ಬಿಗಿಯುವುದು, ಅವನ ಮುಂದೆ ಮಾಂಸವನ್ನು ಹದವಾಗಿ ಕೊಯ್ದು ಬಡಿಸುವುದು. ಮಾಂಸ ಕೊಯ್ಯುವುದನ್ನು ಕತ್ತಿವರಸೆಯಷ್ಟೇ ಶ್ರದ್ಧೆಯಿಂದ ಕಲಿಸುತ್ತಿದ್ದರು. ಇದರ ನಡುವೆಯೇ ಕುದುರೆ ಓಡಿಸುತ್ತ ಗೂಟಕ್ಕೆ ಕಟ್ಟಿದ ಗುರಿಗೆ ಭರ್ಜಿ ಹೊಡೆಯುವ ಅಭ್ಯಾಸ. ಇಪ್ಪತ್ತೊಂದರ ಆಸುಪಾಸಿನಲ್ಲಿ ನೈಟ್ ಪದವಿ; ಅದರ ಖರ್ಚು ಭರಿಸಲಾಗದೆ ಸ್ಕ್ವೈರ್ ಆಗಿಯೇ ಉಳಿದವರೂ ಬಹಳ ಮಂದಿ.

ಇಂಗ್ಲೆಂಡಿನ ಹೆಸರಾಂತ ನೈಟ್ ವಿಲಿಯಂ ಮಾರ್ಷಲ್‌ನ ಬಾಲ್ಯ ನೋಡಿ. ಅವನು ಸಣ್ಣ ಸಾಮಂತನೊಬ್ಬನ ನಾಲ್ಕನೆಯ ಮಗ. 1152ರಲ್ಲಿ, ಐದಾರು ವರ್ಷದವನಿದ್ದಾಗ, ಅಪ್ಪ ಅವನನ್ನು ಸ್ಟೀಫನ್ ದೊರೆಗೆ ಒತ್ತೆಯಾಗಿ ಕೊಟ್ಟು ಮಾತಿಗೆ ತಪ್ಪಿದ. ಮಗನನ್ನು ಗಲ್ಲಿಗೇರಿಸುತ್ತೇವೆ ಎಂದು ದೊರೆಯ ಕಡೆಯವರು ಹೇಳಿದಾಗ, ಇವನಿಗಿಂತ ಒಳ್ಳೆಯ ಮಕ್ಕಳನ್ನು ತಯಾರಿಸುವ ಸುತ್ತಿಗೆ, ಅಡೆಗಲ್ಲು ಇನ್ನೂ ನನ್ನಲ್ಲಿವೆ ಎಂದನಂತೆ ಅಪ್ಪ. ದೊರೆಗೆ ಹುಡುಗನನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಬೀಡಾರದಲ್ಲಿ ಆ ಹುಡುಗ ದೊರೆಯ ಜೊತೆಗೇ ಕೂತು, ಗಿಡದ ಕಡ್ಡಿಗಳನ್ನು ನೈಟ್‌ಗಳೆಂದುಕೊಂಡು ಆಟವಾಡಿದ್ದನ್ನು, ಮಾರ್ಷಲ್ ಸತ್ತ ಮೇಲೆ ಅವನ ಮಗ ಬರೆಸಿದ ಪದ್ಯಚರಿತ್ರೆ ಹೇಳುತ್ತದೆ. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ.

ಮುಂದೆ ಅವನನ್ನು ಫ್ರಾನ್ಸಿನ ಉತ್ತರಕ್ಕಿರುವ ನಾರ್ಮಂಡಿಯ ಟಾಂಕರ್ವಿಲ್ ಕೋಟೆಯ ಬಂಧುವಿನ ಬಳಿಗೆ ಕಳಿಸಿದರು. ಸುಮಾರು ಎಂಟು ವರ್ಷ ಅಲ್ಲಿ ಬೆಳೆದ. ಜೊತೆಯವರು ತಿಂಡಿಪೋತ ಎಂದು ಹಂಗಿಸುತ್ತಿದ್ದರು. 1166ರ ಸುಮಾರಿಗೆ ನೈಟ್ ಆದ, ಮೊದಲ ಕಾಳಗದಲ್ಲೇ ಕುದುರೆ ಕಳೆದುಕೊಂಡ. ಪದವಿಯ ದಿನ ಹೊದಿಸಿದ್ದ ನಿಲುವಂಗಿ ಮಾರಿ ಹೇರುಗುದುರೆಯೊಂದನ್ನು ಕೊಳ್ಳಬೇಕಾಯಿತು. ಅದೇ ಹುಡುಗ 1170ರಲ್ಲಿ ರಾಜಕುಮಾರ ಹೆನ್ರಿಗೆ ಯುದ್ಧವಿದ್ಯೆಯ ಗುರುವಾದ. 1217ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಬಾಲಕ ದೊರೆ ಮೂರನೆಯ ಹೆನ್ರಿಯ ಪರವಾಗಿ ಲಿಂಕನ್ ಕಾಳಗದಲ್ಲಿ ಸೈನ್ಯದ ಮುಂದೆ ನಿಂತ. ದೊರೆಗೆ ಆಗ ಒಂಬತ್ತು ವರ್ಷ.

ಮುಂದಿನ ಪುರವಣಿಯಲ್ಲಿ ರಾಟೆಯ ವಿಷಯವನ್ನು ದಯವಿಟ್ಟು ತಿದ್ದಿ. ಜಾಗವಿದ್ದರೆ ಕಡ್ಡಿಯ ಆಟವಾಡಿದ ಆ ಹುಡುಗನ ಕತೆಯನ್ನೂ ಹಾಕಿ. ನಮ್ಮ ತರಗತಿಯ ಗೋಡೆಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇವೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಇತಿಹಾಸ ಶಿಕ್ಷಕಿ, ಸಾಗರ