ಹಾಡಿಯ ಯುವಜನರಿಗೆ ಮೈಕ್ ಕೊಡಿ

ಮಾನ್ಯ ಸಂಪಾದಕರೇ,

ಕೊಡಗಿನ ತಿತಿಮತಿ, ನಾಗರಹೊಳೆ ಕಡೆಯ ಆದಿವಾಸಿ ಹಾಡಿಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ಓದಿಕೊಂಡ ಜೇನುಕುರುಬ, ಯರವ ಯುವಜನರಿದ್ದಾರೆ. ಗ್ರಾಮಸಭೆಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ. ಬಂದವರೂ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾರೆ, ಮೈಕ್ ಅವರವರೆಗೆ ಹೋಗುವುದೇ ಇಲ್ಲ. ನನಗೆ ಇದು ತುಂಬಾ ನೋವಿನ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕಿನ ಅರ್ಜಿಯ ಕೆಲಸ ಶುರುವಾಗುವುದೇ ಗ್ರಾಮಸಭೆಯಿಂದ. ಆ ಅರ್ಜಿಗಳನ್ನು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕು. ಅಜ್ಜಿ ಹೇಳುವ ಗಡಿ ಗುರುತನ್ನು ಕಾಗದದ ಮೇಲೆ ಬರೆಯಬಲ್ಲ ಹುಡುಗಿಯರು ಅಲ್ಲಿ ಕೂರಬೇಕು, ಅಲ್ವಾ? 17 ತುಂಬಿದವರು ಮತದಾರರ ಪಟ್ಟಿಗೆ ಮುಂಚೆಯೇ ಅರ್ಜಿ ಹಾಕಬಹುದು. 21ಕ್ಕೆ ಪಂಚಾಯಿತಿ ಚುನಾವಣೆಗೂ ನಿಲ್ಲಬಹುದು. ತೋಟಕ್ಕೆ ರಜೆ ಇರುವ ದಿನ, ಹಾಡಿಯಲ್ಲೇ ಸಭೆ ಕರೆಯಿರಿ.

– ಓದುಗ, ಗೋಣಿಕೊಪ್ಪ